ಸಂಗಾತಿಯ ಮನಸ್ಸು ಕೆಡುತ್ತಿರುವಾಗ: ಮಲೆನಾಡಿನ ಮನೆಗಳಿಗೊಂದು ಮಾರ್ಗದರ್ಶಿ

ಮಲೆನಾಡಿನ ಮನೆಗಳಲ್ಲಿ ಗಂಡನಿಗಾಗಲಿ ಹೆಂಡತಿಗಾಗಲಿ ಮನಸ್ಸಿನ ಕಾಯಿಲೆ ಶುರುವಾದರೆ ಅದನ್ನು ಕಾಯಿಲೆ ಎಂದು ಕರೆಯುವುದು ಬಹಳ ತಡವಾಗಿ. ಅಲ್ಲಿಯವರೆಗೆ ಅದು ಮುಂಗೋಪ, ಸೊಸೈಟಿ ಸಾಲದ ಚಿಂತೆ, ಕುಡಿತ, ಗ್ರಹಚಾರ, ಚೌಡಿಯ ಕಾಟ ಎಂಬ ಹೆಸರುಗಳಲ್ಲಿ ಓಡಾಡುತ್ತಿರುತ್ತದೆ. ತೋಟದ ಅಂಚಿನ ಒಂಟಿ ಮನೆಯಾದರೆ, ಕೂಗಿದರೂ ಪಕ್ಕದ ಮನೆಗೆ ಕೇಳದಷ್ಟು ದೂರವಾದರೆ, ಒಳಗೆ ನಡೆಯುತ್ತಿರುವುದು ಹೊರಗಿನವರಿಗೆ ತಿಳಿಯುವುದೂ ಇಲ್ಲ. ಈ ಅವಧಿಯಲ್ಲಿ ಬೈಗುಳ, ಅನುಮಾನ, ಕೆಲವೊಮ್ಮೆ ಹೊಡೆತ ತಿನ್ನುವವರು ಜೊತೆಗೆ ಬಾಳುವವರು. ಅವರಿಗೆ ನೆಂಟರಿಷ್ಟರಿಂದ ಸಿಗುವ ಸಲಹೆ ಎರಡೇ ಬಗೆಯದು: "ಪಾಪ, ಹುಷಾರಿಲ್ಲದವರು, ಸಹಿಸಿಕೊಂಡು ಹೋಗು" ಎನ್ನುವುದೊಂದು, "ಇಷ್ಟೆಲ್ಲ ಯಾಕೆ, ಬಿಟ್ಟು ಬಾ" ಎನ್ನುವುದಿನ್ನೊಂದು. ಸಂಗಾತಿಗೆ ಚಿಕಿತ್ಸೆ ಕೊಡಿಸುವುದು ಹೇಗೆ ಎಂಬ ಪ್ರಶ್ನೆಯನ್ನೂ ನಿಮಗೆ ಪೆಟ್ಟಾಗದಂತೆ ನೋಡಿಕೊಳ್ಳುವುದು ಹೇಗೆ ಎಂಬ ಪ್ರಶ್ನೆಯನ್ನೂ ಈ ಎರಡೂ ಸಲಹೆಗಳು ಒಂದೇ ಗಂಟಿನಲ್ಲಿ ಕಟ್ಟಿಬಿಡುತ್ತವೆ. ಇವೆರಡನ್ನೂ ಬಿಡಿಸಿ, ಏಕಕಾಲದಲ್ಲಿ, ಬೇರೆ ಬೇರೆಯಾಗಿ ನಿಭಾಯಿಸಬೇಕು. ಚಿಕಿತ್ಸೆ ಫಲಿಸುವವರೆಗೆ ನಿಮ್ಮ ಸುರಕ್ಷತೆ ಕಾಯಬೇಕಾಗಿಲ್ಲ, ನೀವು ದೂರ ಸರಿದ ಮಾತ್ರಕ್ಕೆ ಅವರ ಚಿಕಿತ್ಸೆ ನಿಲ್ಲಬೇಕಾಗಿಯೂ ಇಲ್ಲ.

ಮೊದಲು ನೋಡಬೇಕಾದದ್ದು ಬದಲಾವಣೆಯನ್ನು

ಮದುವೆಯಾದ ದಿನದಿಂದಲೂ ಕೈಯೆತ್ತುತ್ತಿದ್ದವರ ವಿಷಯ ಬೇರೆ. ವರ್ಷಗಟ್ಟಲೆ ನೆಟ್ಟಗಿದ್ದವರು ಕೆಲವು ವಾರ ಅಥವಾ ತಿಂಗಳುಗಳಲ್ಲಿ ಬೇರೆಯೇ ಮನುಷ್ಯರಾದ ವಿಷಯ ಬೇರೆ. ನಿದ್ದೆ ಕೆಡುವುದು ಬಹುಪಾಲು ಮೊದಲ ಸೂಚನೆ. ಅದರ ಜೊತೆಗೆ ಹಸಿವು ಕುಂದುವುದು, ಸ್ನಾನ ಬಿಡುವುದು, ಅಡಿಕೆ ಕೊಯ್ಲಿನಂತಹ ತಪ್ಪಿಸಲಾಗದ ಕೆಲಸದ ಹೊತ್ತಿನಲ್ಲೂ ಜಗಲಿಯಲ್ಲಿ ಸುಮ್ಮನೆ ಕೂರುವುದು, ಒಬ್ಬರೇ ಮಾತನಾಡಿಕೊಳ್ಳುವುದು, ಯಾರೋ ಮದ್ದು ಹಾಕಿದ್ದಾರೆಂದು ಊಟ ಬಿಡುವುದು, ಇಲ್ಲವೇ ಇದಕ್ಕೆ ತದ್ವಿರುದ್ಧವಾಗಿ ನಿದ್ದೆಯಿಲ್ಲದಿದ್ದರೂ ದಣಿವಿಲ್ಲದೆ ಸಾಲ ಎತ್ತಿ ಕಾರು, ಜಾಗ ಎಂದು ವ್ಯವಹಾರಕ್ಕೆ ಇಳಿಯುವುದು ಕಾಣಿಸಿದರೆ ಅದು ಸ್ವಭಾವದ ಮಾತಲ್ಲ. ಖಿನ್ನತೆ ಎಂದರೆ ಅಳು ಎಂದೇ ನಾವು ತಿಳಿದಿದ್ದೇವೆ. ಗಂಡಸರಲ್ಲಿ ಅದು ಅಳುವಿಗಿಂತ ಸಿಡುಕಾಗಿಯೇ ಹೊರಬರುವುದು ಹೆಚ್ಚು.

ಇದೆಲ್ಲವೂ ಮನಸ್ಸಿನದ್ದೇ ಎಂದು ನೀವೇ ತೀರ್ಮಾನಿಸಬೇಡಿ. ಥೈರಾಯ್ಡ್ ಏರುಪೇರು, ಬಿ-12 ಜೀವಸತ್ವದ ಕೊರತೆ, ಮರದಿಂದ ಅಥವಾ ಬೈಕಿನಿಂದ ಬಿದ್ದಾಗ ತಲೆಗೆ ಬಿದ್ದ ಪೆಟ್ಟು ಇವುಗಳೂ ನಡತೆಯನ್ನು ಬದಲಿಸುತ್ತವೆ. ಜ್ವರದೊಂದಿಗೆ ಎರಡು ಮೂರು ದಿನಗಳಲ್ಲೇ ಬುದ್ಧಿ ಮಂಕಾದರೆ ಅದು ಮೊದಲು ದೇಹದ ವೈದ್ಯರ ಕೆಲಸ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯಲ್ಲಿ ಕೆಲವರಿಗೆ ಜ್ವರ ಬಿಟ್ಟು ಮತ್ತೆ ಬಂದಾಗ ನಡುಕ, ತಲೆನೋವು, ಗೊಂದಲ ಕಾಣಿಸಿಕೊಳ್ಳುವುದುಂಟು. ದಿನವೂ ಹೆಚ್ಚು ಕುಡಿಯುತ್ತಿದ್ದವರು ಒಮ್ಮೆಲೇ ಬಿಟ್ಟಾಗ ಎರಡು ಮೂರು ದಿನಗಳಲ್ಲಿ ಕೈನಡುಕ, ಇಲ್ಲದ್ದು ಕಾಣುವುದು, ಫಿಟ್ಸ್ ಬರಬಹುದು. ಇದು ಪ್ರಾಣಕ್ಕೇ ಕುತ್ತು, ಮನೆಯಲ್ಲಿ ಹಿಡಿದು ಕೂರಿಸುವ ವಿಷಯವಲ್ಲ. ಹೆರಿಗೆಯಾದ ಕೆಲವೇ ದಿನಗಳಲ್ಲಿ ಹೆಂಡತಿ ನಿದ್ದೆಗೆಟ್ಟು, ಅಸಂಬದ್ಧ ಮಾತನಾಡಿ, ಮಗುವನ್ನು ಗುರುತಿಸದಂತಾದರೆ ಅದನ್ನು ಹಿರಿಯರು ಬಾಣಂತಿ ಸನ್ನಿ ಎನ್ನುತ್ತಾರೆ. ಆಕೆ ತವರಿನಲ್ಲಿದ್ದಾಳೆ, ಅತ್ತೆಯವರು ನೋಡಿಕೊಳ್ಳುತ್ತಾರೆ ಎಂದು ಗಂಡನಾದವನು ಕೂರದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು.

ಬರೆದಿಡಿ

ಮನೋವೈದ್ಯರ ಮುಂದೆ ನಿಮಗೆ ಸಿಗುವುದು ಸ್ವಲ್ಪವೇ ಹೊತ್ತು. ಅಲ್ಲಿ ರೋಗಿ ನೆಟ್ಟಗೆ ಕುಳಿತು, ಕೇಳಿದ್ದಕ್ಕೆಲ್ಲ ಚೊಕ್ಕಟವಾಗಿ ಉತ್ತರಿಸುವುದು ಬಹಳ ಸಾಮಾನ್ಯ. ಮನೆಯವರು ಹೇಳುವುದೇ ಉತ್ಪ್ರೇಕ್ಷೆ ಎನಿಸಿಬಿಡುತ್ತದೆ. "ಸಿಟ್ಟು ಜಾಸ್ತಿಯಾಗಿದೆ ಡಾಕ್ಟ್ರೇ" ಎಂಬ ಮಾತಿನಿಂದ ವೈದ್ಯರಿಗೆ ತಿಳಿಯುವುದು ಅಷ್ಟಕ್ಕಷ್ಟೇ. ಮಕ್ಕಳ ಹಳೆಯ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಹೀಗೆ ಬರೆದದ್ದಾದರೆ ಬಹಳ ತಿಳಿಯುತ್ತದೆ: "ಜುಲೈ 14. ರಾತ್ರಿ ಒಂದೂವರೆಗೆ ಎದ್ದು ಜಗಲಿ ದೀಪ ಹಾಕಿ ಕೂತರು, ಬೆಳಗಿನ ತನಕ ಮಲಗಲಿಲ್ಲ. ಹೀಗೆ ಮೂರನೇ ರಾತ್ರಿ. ಬಾವಿಗೆ ಪಕ್ಕದ ತೋಟದವರು ಏನೋ ಹಾಕಿದ್ದಾರೆಂದು ನೀರು ಕುಡಿಯಲಿಲ್ಲ. ರಾತ್ರಿಯ ಮಾತ್ರೆ ನುಂಗಿದ್ದು ಕಾಣಲಿಲ್ಲ. ನನ್ನ ಮೊಬೈಲನ್ನು ಮೆಟ್ಟಿಲಿಗೆ ಬಡಿದರು. ಮಗಳು ಎದುರಿಗಿದ್ದಳು." ನಿದ್ದೆ, ಊಟ, ಮಾತ್ರೆ, ಆಡಿದ ಮಾತು, ಮಾಡಿದ ಕೃತ್ಯ, ನೋಡಿದವರು ಇಷ್ಟಿದ್ದರೆ ಸಾಕು. ಪೆಟ್ಟಾಗಿದ್ದರೆ ಅದರ ಫೋಟೊ ತೆಗೆದು ತವರಿನಲ್ಲಿ ಒಬ್ಬರಿಗೆ ಕಳುಹಿಸಿ ಇಡಿ. ಈ ಪುಸ್ತಕ ಅವರ ಕೈಗೆ ಸಿಗಬಾರದು. ಅನುಮಾನದ ಕಾಯಿಲೆಯಿದ್ದಾಗ ನಿಮ್ಮ ಬರಹವೇ ಪಿತೂರಿಗೆ ಸಾಕ್ಷಿಯಾಗಿ ಕಾಣುತ್ತದೆ. ಎದುರಿಗೆ ಹೇಳಲಾಗದ್ದನ್ನು ಚೀಟಿಯಲ್ಲಿ ಬರೆದು ವೈದ್ಯರಿಗೆ ಮೊದಲೇ ತಲುಪಿಸಬಹುದು. ರೋಗಿಯ ಗೋಪ್ಯತೆ ಕಾಯುವ ಹೊಣೆ ವೈದ್ಯರಿಗಿದೆ, ಆದರೆ ನೀವು ಹೇಳುವುದನ್ನು ಕೇಳಿಸಿಕೊಳ್ಳಲು ಅದು ಅಡ್ಡಿಯಲ್ಲ.

ಅನುಮಾನಕ್ಕೆ ಉತ್ತರಿಸುವ ಬಗೆ

ಮನೆಯವರು ಅತಿ ಹೆಚ್ಚು ಸೋಲುವುದು ಇಲ್ಲಿ. "ಫೋನಲ್ಲಿ ಯಾರು? ನಂಗೇನೂ ಗೊತ್ತಾಗಲ್ಲ ಅಂದ್ಕೊಂಡಿದೀಯಾ?" ಎಂದು ಗಂಡ ಕೇಳುತ್ತಾನೆ. ಹೆಂಡತಿ ಕರೆಗಳ ಪಟ್ಟಿ ತೆರೆದು ತೋರಿಸುತ್ತಾಳೆ, ಅಣ್ಣನಿಗೆ ಫೋನ್ ಹಚ್ಚಿ ಮಾತನಾಡಿಸುತ್ತಾಳೆ, ಮಕ್ಕಳನ್ನು ಸಾಕ್ಷಿಗೆ ಕರೆಯುತ್ತಾಳೆ, ಕೊನೆಗೆ ದೇವರ ಮುಂದೆ ಆಣೆ ಹಾಕುತ್ತಾಳೆ. ಅವನು ಪಟ್ಟಿಯಲ್ಲಿ ಅಳಿಸಿದ ನಂಬರನ್ನು ಹುಡುಕುತ್ತಾನೆ. ಭ್ರಮೆಯಾಗಿ ಬೇರೂರಿದ ನಂಬಿಕೆ ಪುರಾವೆಯಿಂದ ಹುಟ್ಟಿದ್ದಲ್ಲವಾದ್ದರಿಂದ ಪುರಾವೆಯಿಂದ ಹೋಗುವುದೂ ಇಲ್ಲ. ವಾದ ಬೆಳೆದಷ್ಟೂ ಅದು ಗಟ್ಟಿಯಾಗುತ್ತದೆ. ಹಾಗೆಂದು ಹೌದೆಂದು ಒಪ್ಪಿಕೊಂಡು ಸಮಾಧಾನ ಮಾಡುವುದೂ ಅಪಾಯವೇ, ಆ ಒಪ್ಪಿಗೆ ಮುಂದೆಂದೂ ಮರೆತುಹೋಗುವುದಿಲ್ಲ.

ಇಲ್ಲ ಎಂಬುದನ್ನು ಒಂದೇ ಸಲ, ದನಿಯೇರಿಸದೆ ಹೇಳಿ, ಅವರ ಸಂಕಟಕ್ಕೆ ಮಾತ್ರ ಉತ್ತರಿಸಿ: "ಹಾಗೇನೂ ಇಲ್ಲ. ಆದ್ರೆ ನಿಮಗೆ ಹಾಗನ್ನಿಸಿ ಎಷ್ಟು ಸಂಕಟ ಆಗ್ತಿದೆ ಅಂತ ಕಾಣ್ತಿದೆ. ಮೂರು ದಿನದಿಂದ ನಿದ್ದೆನೇ ಇಲ್ಲ ನಿಮಗೆ, ಮೊದಲು ಅದಕ್ಕೇನಾದ್ರೂ ಮಾಡೋಣ." ಬಳಿಕ ಎದ್ದು ಬೇರೆ ಕೆಲಸಕ್ಕೆ ಹೋಗಿ. ಬಾಗಿಲಿಗೆ ಅಡ್ಡ ನಿಲ್ಲಬೇಡಿ, ಅವರನ್ನು ಮೂಲೆಗೆ ಒತ್ತಬೇಡಿ, ಕತ್ತಿ ಕೈಗೆಟಕುವ ಅಡುಗೆಮನೆ, ಕೊಟ್ಟಿಗೆಗಳಲ್ಲಿ ಮಾತು ಬೆಳೆಸಬೇಡಿ, ಕುಡಿದಿರುವಾಗ ಏನನ್ನೂ ಇತ್ಯರ್ಥ ಮಾಡಲು ಹೋಗಬೇಡಿ. "ನಿಮಗೆ ತಲೆ ಕೆಟ್ಟಿದೆ" ಎಂಬ ಮಾತು ಎಷ್ಟೇ ಬಾಯಿಗೆ ಬಂದರೂ ನುಂಗಿಕೊಳ್ಳಿ. ಒಮ್ಮೆ ಆಡಿಬಿಟ್ಟರೆ ಮುಂದೆ ಆಸ್ಪತ್ರೆಯ ಸುದ್ದಿಯೆತ್ತಿದಾಗಲೆಲ್ಲ ಅದೇ ನೆನಪಾಗುತ್ತದೆ.

ಆಸ್ಪತ್ರೆಗೆ ಒಪ್ಪಿಸುವುದು

ತನಗೆ ಕಾಯಿಲೆಯಿದೆ ಎಂದು ಒಪ್ಪದವರನ್ನು ನಿದ್ದೆಯ ನೆಪದಲ್ಲಿ ಒಪ್ಪಿಸುವುದು ಸುಲಭ, ಅದು ಸುಳ್ಳೂ ಅಲ್ಲ. ಬೆಂಗಳೂರು ತೋರಿಸುತ್ತೇವೆಂದು ಕರೆದೊಯ್ದು ನಿಮ್ಹಾನ್ಸ್ ಬಾಗಿಲಲ್ಲಿ ಇಳಿಸುವ ಉಪಾಯ ಮಾತ್ರ ಬೇಡ. ಎರಡನೇ ಸಲ ಅವರು ಮನೆಯಿಂದಲೇ ಹೊರಡುವುದಿಲ್ಲ. ಹೆಂಡತಿಯ ಮಾತು ಕೇಳದವರು ಅಕ್ಕನ ಮಾತನ್ನೋ, ಶಾಲೆಯಲ್ಲಿ ಜೊತೆಗಿದ್ದ ಗೆಳೆಯನ ಮಾತನ್ನೋ ಕೇಳುವುದುಂಟು. ಊರಿಡೀ ಹೇಳುವ ಬದಲು ಅಂಥ ಒಬ್ಬರನ್ನು ಆರಿಸಿ, ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ತಿಳಿಸಿ.

ಎಲ್ಲಿಗೆ ಹೋಗಬೇಕೆಂಬುದು ಈಗ ಮೊದಲಿನಷ್ಟು ಕಷ್ಟದ ಪ್ರಶ್ನೆಯಲ್ಲ. ಶಿವಮೊಗ್ಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ಸೇರಿದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗವಿದೆ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರದಂದು ಮನೋವೈದ್ಯರು ಬಂದು ನೋಡುವ ಏರ್ಪಾಡಿದೆ. ಹೊಸನಗರ, ತೀರ್ಥಹಳ್ಳಿ, ಸಾಗರದಂಥ ಕಡೆಯವರು ಹೊರಡುವ ಮುನ್ನ ಆ ವಾರ ಬರುತ್ತಾರೆಯೇ ಎಂದು ಆಸ್ಪತ್ರೆಯಲ್ಲಿ ಅಥವಾ ಆಶಾ ಕಾರ್ಯಕರ್ತೆಯಲ್ಲಿ ವಿಚಾರಿಸಿದರೆ ಒಂದು ದಿನದ ಓಡಾಟ ಉಳಿಯುತ್ತದೆ. ಜಟಿಲವೆನಿಸಿದರೆ ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಇವೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ-ಮನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ರೋಗಿಯೇ ಮಾತನಾಡಬೇಕೆಂದೇನೂ ಇಲ್ಲ. ಏನು ಮಾಡಲೂ ತೋಚದ ಮನೆಯವರೂ ಕೇಳಬಹುದು. ಮನೋವೈದ್ಯರ ಬಳಿಗೆ ಹೋಗುವುದೆಂದರೆ ಮರ್ಯಾದೆ ಹೋಗುವ ಸಂಗತಿಯೆಂಬ ಅಂಜಿಕೆ ಶಿವಮೊಗ್ಗದ ಸುತ್ತಮುತ್ತ ಒಂದಿಷ್ಟು ಸಡಿಲವಾಗಿದ್ದರೆ ಅದರಲ್ಲಿ ಮನೋವೈದ್ಯ ಡಾ. ಅಶೋಕ್ ಪೈ ಅವರ ಪಾಲು ದೊಡ್ಡದು. 2016ರಲ್ಲಿ ತೀರಿಕೊಳ್ಳುವವರೆಗೂ ಅವರು ಇಲ್ಲಿದ್ದುಕೊಂಡು ಚಿಕಿತ್ಸೆ ಕೊಡುತ್ತಲೇ ಮನಸ್ಸಿನ ಕಾಯಿಲೆಗಳ ಬಗ್ಗೆ ಸಾಮಾನ್ಯ ಓದುಗರಿಗೆಂದು ಕನ್ನಡದಲ್ಲಿ ಬರೆದರು, ಮಾತನಾಡಿದರು.

ಮನೆಯ ಹಿರಿಯರು ನಿಮಿತ್ತ ಕೇಳಬೇಕು, ಮೈಮೇಲೆ ದೇವರು ಬರುವ ದರ್ಶನದ ಪಾತ್ರಿಯ ಬಳಿ ಹೋಗಬೇಕು ಎನ್ನುತ್ತಾರೆ. ಇದಕ್ಕೆ ಎದುರಾಡಿ ಜಗಳ ಮಾಡುವುದರಲ್ಲಿ ಅರ್ಥವಿಲ್ಲ. ಹರಕೆ ಹೊತ್ತುಕೊಳ್ಳಲಿ, ತಾಯತ ಕಟ್ಟಲಿ. ಮಾತ್ರೆ ನಿಲ್ಲಿಸಬೇಕು, ಉಪವಾಸ ಕೆಡವಬೇಕು, ಹೊಡೆದು ಬಿಡಿಸಬೇಕು, ಕಟ್ಟಿಹಾಕಬೇಕು ಎಂದವರ ಅಂಗಳಕ್ಕೆ ಮಾತ್ರ ಕಾಲಿಡಬೇಡಿ.

ಮಾತ್ರೆಯ ವಿಷಯ

ಖಿನ್ನತೆಯ ಮಾತ್ರೆಗಳು ಕೆಲಸ ತೋರಿಸಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಬಾಯೊಣಗುವುದು, ಮಂಪರಿನಂಥ ತೊಂದರೆಗಳು ಮೊದಲ ದಿನವೇ ಬರುತ್ತವೆ. ಹಾಗಾಗಿ ಒಂದು ಪಟ್ಟಿ ಮುಗಿಯುವುದರೊಳಗೆ "ಇದರಿಂದ ಏನೂ ಪ್ರಯೋಜನವಿಲ್ಲ" ಎಂದು ಬಿಡುವವರೇ ಬಹಳ. ಗುಣವಾಯಿತೆಂದು ಬಿಡುವವರದ್ದು ಇನ್ನೊಂದು ಸಾಲು. ನಿಲ್ಲಿಸುವುದೇ ಆದರೆ ವೈದ್ಯರು ಹೇಳಿದಂತೆ ಹಂತಹಂತವಾಗಿ ಇಳಿಸಬೇಕು. ಮನಸ್ಸಿನ ಅತಿ ಏರಿಳಿತಕ್ಕೆ ಕೊಡುವ ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರಿಗೆ ನಿಗದಿತ ರಕ್ತಪರೀಕ್ಷೆ ತಪ್ಪಬಾರದು, ವಾಂತಿ ಭೇದಿಯಾಗಿ ಮೈಯ ನೀರು ಹೋದರೆ ತಕ್ಷಣ ವೈದ್ಯರಿಗೆ ತಿಳಿಸಬೇಕು, ಮೈಕೈ ನೋವಿಗೆಂದು ಐಬುಪ್ರೊಫೇನ್‌ನಂಥ ಗುಳಿಗೆಯನ್ನು ಅಂಗಡಿಯಿಂದ ತಂದು ಕೊಡಬಾರದು.

ಮಾತ್ರೆಯನ್ನು ಪುಡಿ ಮಾಡಿ ಸಾರಿಗೆ, ಕಾಫಿಗೆ ಬೆರೆಸುವ ಪದ್ಧತಿ ನಮ್ಮಲ್ಲಿ ಬೇಕಾದಷ್ಟಿದೆ. ಸಿಕ್ಕಿಬಿದ್ದ ದಿನ, ಊಟಕ್ಕೆ ಏನೋ ಹಾಕುತ್ತಾರೆ ಎಂಬ ಅವರ ಭ್ರಮೆಯನ್ನು ನೀವೇ ನಿಜ ಮಾಡಿಕೊಟ್ಟಂತಾಗುತ್ತದೆ. ಕುಡಿತ ಬಿಡಿಸುವ ಪುಡಿಯೆಂದು ಗುಟ್ಟಾಗಿ ಬೆರೆಸುವುದಂತೂ ಜೀವಕ್ಕೆ ಅಪಾಯ, ಏಕೆಂದರೆ ಅಂಥ ಕೆಲವು ಔಷಧಿಗಳು ಹೊಟ್ಟೆಯಲ್ಲಿರುವಾಗ ಮದ್ಯ ಸೇರಿದರೆ ರಕ್ತದೊತ್ತಡ ಕುಸಿಯುತ್ತದೆ. ದಿನದಿನದ ಮಾತ್ರೆಯ ಜಗಳಕ್ಕೆ ಬದಲಾಗಿ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಕೊಡುವ ಇಂಜೆಕ್ಷನ್ ಕೆಲವು ಕಾಯಿಲೆಗಳಿಗೆ ಇದೆ, ವೈದ್ಯರನ್ನು ಕೇಳಿ.

ಮನೆಯೊಳಗೆ ಕೈಗೆಟಕುವ ವಸ್ತುಗಳು

ಕೃಷಿಕರ ಮನೆಯಲ್ಲಿ ಕಳೆನಾಶಕ, ಕೀಟನಾಶಕ, ಕೊಳೆ ರೋಗದ ಔಷಧಿಗೆಂದು ತಂದ ಮೈಲುತುತ್ತ ಅಟ್ಟದಲ್ಲೋ ಕೊಟ್ಟಿಗೆಯ ಮೂಲೆಯಲ್ಲೋ ಇರುತ್ತವೆ. ಕೆಲವರ ಮನೆಯಲ್ಲಿ ಬೆಳೆ ಕಾಯಲು ಲೈಸೆನ್ಸಿನ ಕೋವಿಯೂ ಇರುತ್ತದೆ. ಸಂಗಾತಿ ಬದುಕು ಸಾಕೆನ್ನುವ ಮಾತಾಡುತ್ತಿದ್ದರೆ, ಅಥವಾ ಯಾರನ್ನೋ ಮುಗಿಸುತ್ತೇನೆ ಎನ್ನುತ್ತಿದ್ದರೆ, ಇವನ್ನೆಲ್ಲ ಅದೇ ದಿನ ಬೇರೆಯವರ ಮನೆಗೆ ಸಾಗಿಸಿ ಬೀಗ ಹಾಕಿಸಿ. ಕೋವಿಯನ್ನು ಠಾಣೆಯಲ್ಲಿ ಠೇವಣಿ ಇಡಿಸುವ ಬಗ್ಗೆ ಪೊಲೀಸರೊಂದಿಗೆ ಮಾತನಾಡಿ. ಇಂಥ ಮಾತು ಆಡುವವರು ಮಾಡುವವರಲ್ಲ ಎಂಬ ನಂಬಿಕೆ ಸುಳ್ಳು. ಸಾಯಬೇಕೆನಿಸುತ್ತಿದೆಯೇ ಎಂದು ನೇರವಾಗಿ ಕೇಳುವುದರಿಂದ ಆ ಯೋಚನೆ ಹೊಸದಾಗಿ ತಲೆಗೆ ಹೊಕ್ಕುವುದಿಲ್ಲ. ಎಷ್ಟೋ ಜನ ಯಾರಾದರೂ ಕೇಳಲಿ ಎಂದೇ ಕಾಯುತ್ತಿರುತ್ತಾರೆ. ಕೇಳಿ, ಉತ್ತರ ಹೌದಾದರೆ ಒಬ್ಬರನ್ನೇ ಬಿಡಬೇಡಿ.

ಜೂನ್ ಬರುವ ಮುನ್ನ ಸೌದೆ ಒಳಗಿಡುವಂತೆಯೇ ಇದಕ್ಕೂ ಒಂದು ಮಳೆಗಾಲದ ಸಿದ್ಧತೆ ಬೇಕು. ಕರೆಂಟ್ ಹೋದ ಮೇಲೆ ಟವರೂ ಹೋಗುವ ಊರುಗಳಲ್ಲಿ, ಹಳ್ಳ ತುಂಬಿ ದಾರಿ ಮುಚ್ಚುವ ಕಡೆಗಳಲ್ಲಿ ತುರ್ತು ಸಹಾಯದ 112 ಎಂಬ ಸಂಖ್ಯೆಯನ್ನು ನಂಬಿ ಕೂರಲಾಗದು. ಒಂದು ತಿಂಗಳ ಮಾತ್ರೆ ಮುಂಚೆಯೇ ತಂದು ನಿಮ್ಮ ಸುಪರ್ದಿನಲ್ಲಿಡುವುದು, ಮನೆಯ ಯಾವ ಭಾಗದಲ್ಲಿ ಸಿಗ್ನಲ್ ಸಿಗುತ್ತದೆಂದು ನೋಡಿಟ್ಟುಕೊಳ್ಳುವುದು, ಯಾವ ಹೊತ್ತಿಗಾದರೂ ಜೀಪು ತರುವ ಒಬ್ಬರನ್ನು ಮಾತನಾಡಿಸಿಡುವುದು, ಅಂಗಳದ ದೀಪ ಎರಡು ಸಲ ಆರಿಸಿ ಹಚ್ಚಿದರೆ ಓಡಿ ಬನ್ನಿ ಎಂದು ನೆರೆಯವರಿಗೆ ಹೇಳಿಡುವುದು, ಇವು ಸಣ್ಣವೆನಿಸಿದರೂ ಆಷಾಢದ ರಾತ್ರಿಯಲ್ಲಿ ಕೆಲಸಕ್ಕೆ ಬರುವಂಥವು.

ಹೊಡೆತದ ವಿಷಯದಲ್ಲಿ

ಬೈದದ್ದನ್ನು ಕಾಯಿಲೆಯ ಮಾತೆಂದು ಮನಸ್ಸಿನಿಂದ ಬಿಡಬಹುದು, ಬಿಡಲಾಗದಿದ್ದರೂ ಅದು ನಿಮ್ಮ ತಪ್ಪಲ್ಲ. ಕೈ ಮಾಡಿದ್ದನ್ನು ಹಾಗೆ ಬಿಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಹೊರಗಿನವರೆದುರು, ಮಂಡಿಯಲ್ಲಿ, ಸೊಸೈಟಿಯಲ್ಲಿ ತಡೆದುಕೊಳ್ಳುವ ಕೈ ಮನೆಯಲ್ಲಿ ಮಾತ್ರ ಏಳುತ್ತದೆಯೆಂದಾದರೆ ಅಲ್ಲಿ ಕಾಯಿಲೆಯ ಜೊತೆ ಬೇರೆಯೂ ಇದೆ. ಇನ್ನು ಹೊಡೆತ ನಿಜವಾಗಿಯೂ ಭ್ರಮೆಯಿಂದಲೇ ಬಂದದ್ದಾದರೆ ಅಪಾಯ ಹೆಚ್ಚೇ ಹೊರತು ಕಡಿಮೆಯಲ್ಲ. ಸಂಗಾತಿಯ ಶೀಲದ ಮೇಲಿನ ಭ್ರಮೆ, ಕುತ್ತಿಗೆಗೆ ಕೈ ಹಾಕಿದ್ದು, ಕತ್ತಿ ಹಿಡಿದು ಬೆದರಿಸಿದ್ದು, ಮಕ್ಕಳನ್ನೂ ಸೇರಿಸಿ ಮುಗಿಸುತ್ತೇನೆಂದದ್ದು, ಈ ನಾಲ್ಕರಲ್ಲಿ ಒಂದು ನಡೆದಿದ್ದರೂ ಆ ರಾತ್ರಿ ಅದೇ ಸೂರಿನಡಿ ಮಲಗಬೇಡಿ. ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್, ಮಕ್ಕಳ ದಾಖಲೆಗಳ ಪ್ರತಿ, ಸ್ವಲ್ಪ ಹಣ, ಒಂದು ಜೊತೆ ಬಟ್ಟೆ ತವರಿನಲ್ಲೋ ಗೆಳತಿಯ ಮನೆಯಲ್ಲೋ ಮೊದಲೇ ಇರಲಿ.

ಹೆಂಗಸರಿಗೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆಯಿದೆ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕರ್ನಾಟಕದಲ್ಲಿ ಇದರ ಸಂರಕ್ಷಣಾಧಿಕಾರಿಯೂ ಹೌದು. ಅವರ ಮೂಲಕ ಅರ್ಜಿ ಕೊಟ್ಟರೆ ಹೊಡೆಯದಂತೆ ರಕ್ಷಣಾದೇಶವನ್ನೂ ಮನೆಯಿಂದ ಹೊರಹಾಕದಂತೆ ವಾಸದ ಆದೇಶವನ್ನೂ ನ್ಯಾಯಾಲಯ ಕೊಡಬಹುದು, ಮೊದಲ ವಿಚಾರಣೆಯನ್ನು ಸಾಮಾನ್ಯವಾಗಿ ಮೂರು ದಿನಗಳೊಳಗೆ ಇಡಬೇಕೆಂದು ಕಾಯ್ದೆಯೇ ಹೇಳುತ್ತದೆ. ಮನೆ ಗಂಡನ ಅಥವಾ ಮಾವನ ಹೆಸರಿನಲ್ಲಿರುವುದು ಇದಕ್ಕೆ ಅಡ್ಡಿಯಲ್ಲ. ತುರ್ತಿಗೆ 112, ಮಹಿಳಾ ಸಹಾಯವಾಣಿ 181, ಉಚಿತ ಕಾನೂನು ನೆರವಿಗೆ 15100. ಈ ಕಾಯ್ದೆಯ ರಕ್ಷಣೆ ಗಂಡಸರಿಗಿಲ್ಲ. ಹೆಂಡತಿಯಿಂದ ಪೆಟ್ಟು ತಿನ್ನುವ ಗಂಡನೂ 112ಕ್ಕೆ ಕರೆ ಮಾಡಬಹುದು, ನಾಚಿಕೆಯಿಂದ ಮಾಡುವುದಿಲ್ಲ ಅಷ್ಟೆ.

ಒಪ್ಪದಿದ್ದರೂ ದಾಖಲಿಸಬೇಕಾಗಿ ಬಂದಾಗ

2018ರ ಮೇ ತಿಂಗಳಿನಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಕಾಯ್ದೆಯಡಿ, ತನಗೋ ಇತರರಿಗೋ ಗಂಭೀರ ಹಾನಿ ಮಾಡುವ ಸ್ಥಿತಿಯಲ್ಲಿರುವ ರೋಗಿಯನ್ನು ಅವರ ನಾಮನಿರ್ದೇಶಿತ ಪ್ರತಿನಿಧಿಯ (ಚಿಕಿತ್ಸೆಯ ವಿಷಯದಲ್ಲಿ ರೋಗಿಯ ಪರವಾಗಿ ನಿಲ್ಲಲು ಹೆಸರಿಸಲಾದವರ) ಅರ್ಜಿಯ ಮೇಲೆ ಮೊದಲಿಗೆ ಗರಿಷ್ಠ 30 ದಿನ ದಾಖಲಿಸಿಕೊಳ್ಳಲು ಅವಕಾಶವಿದೆ. ಇದಕ್ಕೆ ಇಬ್ಬರು ತಜ್ಞರು ಪ್ರತ್ಯೇಕವಾಗಿ ಪರೀಕ್ಷಿಸಿ ಒಪ್ಪಬೇಕು, ನೀವು ಹೇಳಿದ ಮಾತ್ರಕ್ಕೆ ಆಗುವುದಿಲ್ಲ. ಹಾಗೆ ಆಗದಿರುವುದು ಒಳ್ಳೆಯದೇ, ಆಸ್ತಿಯ ಆಸೆಗೆ ಹುಚ್ಚರೆಂದು ಹಣೆಪಟ್ಟಿ ಹಚ್ಚಿದವರೂ ಇದ್ದಾರೆ. ದೂರದ ಊರಿನಲ್ಲಿ ಮನೋವೈದ್ಯರು ಸಿಗದಿದ್ದರೆ ನೋಂದಾಯಿತ ವೈದ್ಯರು ಯಾರೇ ಆದರೂ ತುರ್ತು ಚಿಕಿತ್ಸೆ ಕೊಟ್ಟು 72 ಗಂಟೆಯೊಳಗೆ ಮುಂದಕ್ಕೆ ಕಳುಹಿಸಬಹುದು. ಕಾಯಿಲೆಯಿಂದಾಗಿ ಅಪಾಯಕಾರಿಯಾಗಿರುವವರನ್ನು ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಮುಟ್ಟಿಸುವುದು ಪೊಲೀಸರ ಕರ್ತವ್ಯ, ಲಾಕಪ್ಪಿನಲ್ಲಿ ಇಡುವಂತಿಲ್ಲ. ಠಾಣೆಯಲ್ಲಿ "ಇದು ಗಂಡ ಹೆಂಡಿರ ಜಗಳ" ಎಂದರೆ ಈ ಕಾಯ್ದೆಯ 100ನೇ ಕಲಮನ್ನು ನೆನಪಿಸಿ, ನೋಟ್‌ಬುಕ್ ತೋರಿಸಿ.

ಚೇತರಿಸಿಕೊಂಡ ತಿಂಗಳುಗಳಲ್ಲಿ

ಸಂಗಾತಿ ಸುಧಾರಿಸಿದಾಗ ಹಳೆಯದನ್ನು ಕೆದಕುವುದು ಬೇಡವೆಂದು ಎಲ್ಲರೂ ಸುಮ್ಮನಾಗುತ್ತಾರೆ. ಮಕ್ಕಳಿಗೆ ಮಾತ್ರ ಹೇಳಲೇಬೇಕು: ಅಪ್ಪನಿಗೆ, ಅಮ್ಮನಿಗೆ ಆದದ್ದು ಕಾಯಿಲೆ, ಅದಕ್ಕೆ ಮಕ್ಕಳಾದ ನೀವು ಕಾರಣರಲ್ಲ ಎಂದು. ನಿಮಗೂ ನಿದ್ದೆ ಹೋಗಿದ್ದರೆ, ಕಾರಣವಿಲ್ಲದೆ ಅಳು ಬರುತ್ತಿದ್ದರೆ ಅದೇ ವೈದ್ಯರಿಗೆ ಪ್ರತ್ಯೇಕವಾಗಿ ತೋರಿಸಿಕೊಳ್ಳಿ.

ಬಳಿಕ ಇಬ್ಬರೂ ಕುಳಿತು, ಮತ್ತೆ ಮರುಕಳಿಸುವ ಮೊದಲ ಗುರುತು ಯಾವುದು, ಆಗ ಯಾರಿಗೆ ಫೋನ್ ಮಾಡಬೇಕು, ಯಾವ ಆಸ್ಪತ್ರೆ, ಹಣದ ವ್ಯವಹಾರ ಯಾರ ಕೈಗೆ ಎಂದು ಅವರ ಬಾಯಿಂದಲೇ ಹೇಳಿಸಿ ಬರೆದುಕೊಳ್ಳಿ. ತಮಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮುಂಗಡವಾಗಿ ದಾಖಲಿಸುವ ಹಕ್ಕನ್ನೂ ಪ್ರತಿನಿಧಿಯನ್ನು ತಾವೇ ಆರಿಸುವ ಹಕ್ಕನ್ನೂ ಕಾಯ್ದೆ ಕೊಟ್ಟಿದೆ. ಪ್ರತಿನಿಧಿಯ ನೇಮಕಕ್ಕೆ ಬಿಳಿ ಹಾಳೆಯಲ್ಲಿ ಬರೆದು ಸಹಿ ಅಥವಾ ಹೆಬ್ಬೆಟ್ಟು ಹಾಕಿದರೆ ಸಾಕು. ಹೆಂಡತಿಯೇ ಆ ಪ್ರತಿನಿಧಿಯಾಗಬೇಕೆಂದು ಎಲ್ಲರೂ ಎಣಿಸುತ್ತಾರೆ, ಆದರೆ ಭ್ರಮೆ ಯಾರ ಮೇಲೆ ತಿರುಗುತ್ತದೆಯೋ ಅವರೇ ದಾಖಲಾತಿಯ ಅರ್ಜಿಗೂ ಸಹಿ ಹಾಕುವುದು ಜಾಣತನವಲ್ಲ. ಅವರ ಅಕ್ಕನೋ ತಮ್ಮನೋ ಒಪ್ಪಿದರೆ ಅವರ ಹೆಸರನ್ನೇ ಬರೆಸಿ, ಒಂದು ಪ್ರತಿಯನ್ನು ಆಸ್ಪತ್ರೆಯ ಕಡತಕ್ಕೆ ಸೇರಿಸಿ, ಇನ್ನೊಂದನ್ನು ಆ ಅಕ್ಕ ಅಥವಾ ತಮ್ಮನ ಮನೆಯಲ್ಲಿಡಿ; ಮುಂದೆ ನೀವು ಬೇರೆ ವಾಸಿಸುವ ನಿರ್ಧಾರಕ್ಕೆ ಬಂದರೂ ಚಿಕಿತ್ಸೆಯ ಎಳೆ ಆ ಹಾಳೆಯ ಮೇಲೆ ಮುಂದುವರಿಯುತ್ತದೆ.